ಜಾಕಡ್ ಮೇಲೆ ಕಳಿಸಿದ ಮುಹೂರ್ತದ ಸೀರೆ

ನನ್ನ ಧರ್ಮಪತ್ನಿ ಕದಿರಮ್ಮ ನನಗೆ ವಕೀಲರ ಮೂಲಕ ನೋಟೀಸು ಕೊಟ್ಟಳು. ಒಂದೇ ಮನೆಯಲ್ಲಿ, ಒಂದೇ ಒಲೆಯ ಅನ್ನ ಉಣ್ಣುತ್ತಾ, ರಿಜಿಸ್ಟರ್ಡ್ ಪೋಸ್ಟಿನಲ್ಲಿ. ಪೋಸ್ಟ್‌ಮ್ಯಾನ್ ನಾರಪ್ಪ ಬಾಗಿಲಲ್ಲಿ ನಿಂತು ಸಹಿ ಕೇಳಿದಾಗ ಪೆನ್ನು ತಂದುಕೊಟ್ಟವಳೂ ಅವಳೇ. ತಪ್ಪು ಯಾರದು ಎಂದು ಪೂರ್ತಿ ಕೇಳಿ ನೀವೇ ಹೇಳಿ. ನನ್ನದು ಎಂದು ಮಾತ್ರ ಹೇಳಬೇಡಿ. ಅದನ್ನು ಹೇಳುವವರು ಮನೆಯಲ್ಲೇ ಇದ್ದಾರೆ.

ಇದು ಎರಡು ಸಾವಿರದ ಎಂಟನೇ ಇಸವಿಯ ಮಾತು. ಹಿಂದೂಪುರದ ಮಾರ್ಕೆಟ್ ಹಿಂದಿನ ಬೀದಿಯಲ್ಲಿ ನಮ್ಮ ಮನೆ. ಮುಂದಿನ ಕೋಣೆ ಅಂಗಡಿ, ನಡುಮನೆಯಲ್ಲಿ ಮಗ್ಗ. ಬೋರ್ಡಿನ ಮೇಲೆ 'ಸೀತಾರಾಮಪ್ಪ ಸಿಲ್ಕ್ಸ್' ಎಂದು ನನ್ನ ಹೆಸರಿದೆ. ಬೋರ್ಡಿನ ಹಿಂದೆ ಇರುವುದೆಲ್ಲ ಕದಿರಮ್ಮ. ಅವಳು ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಚುಕ್ಕಿ ತುಂಬಿ ಅಂಚು ಬರೆಯುತ್ತಾಳೆ, ಅದನ್ನು ನೋಡಿ ರಟ್ಟಿಗೆ ತೂತು ಹೊಡೆಯುತ್ತಾರೆ, ರಟ್ಟು ಮಗ್ಗದ ಮೇಲೇರಿದರೆ ಸೀರೆಯಲ್ಲಿ ಹೂವೋ ನವಿಲೋ ಏಳುತ್ತದೆ. ಆ ನವಿಲನ್ನು ನಾನೇ ಮರಿಯಿಂದ ಸಾಕಿದೆ ಎಂಬಂತೆ ಗಿರಾಕಿಗಳ ಮುಂದೆ ಭಾಷಣ ಮಾಡುವುದು ನನ್ನ ಇಲಾಖೆ.

ಮಗಳು ರಮ್ಯಾಗೆ ಕಲ್ಯಾಣದುರ್ಗದಲ್ಲಿ ಗಂಡು ಗೊತ್ತಾಯಿತು. ಹುಡುಗನ ಹೆಸರು ಮುರಳೀಕೃಷ್ಣ, ಅವರದು ಕಡಲೆಕಾಯಿ ಮಿಲ್ಲು. ಕದಿರಮ್ಮ ನಾಲ್ಕು ತಿಂಗಳು ಕೂತು ಮುಹೂರ್ತದ ಸೀರೆಗೆ ಅಂಚು ಬರೆದಳು. ಜಗತ್ತಿನಲ್ಲಿ ಯಾರೂ ಬರೆಯದ ಅಂಚು: ಬುಡದಲ್ಲಿ ಕಾಯಿ ಗೊಂಚಲು ಹೊತ್ತ ಕಡಲೆ ಗಿಡಗಳ ಸಾಲು. ಹೆಣ್ಣು ಯಾವ ಸೀಮೆಗೆ ಹೋಗುತ್ತಾಳೋ ಆ ಸೀಮೆಯ ಬೆಳೆ ಸೆರಗಿನಲ್ಲಿರಲಿ ಎಂದು ಅವಳ ಆಸೆ. ಮೆಜೆಂಟಾ ಒಡಲಿಗೆ ಜರಿಯ ಕಡಲೆಕಾಯಿ ಎದ್ದಾಗ ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ.

ನಮ್ಮ ಮನೆತನದಲ್ಲಿ ಒಂದು ಕಟ್ಟಳೆ ಇದೆ. ಮುಹೂರ್ತದ ಸೀರೆಯನ್ನು ಮದುವಣಗಿತ್ತಿ ಉಡುವವರೆಗೆ ಹೊರಗಿನ ಕಣ್ಣು ನೋಡಬಾರದು. ಮಗ್ಗದಲ್ಲಿರುವಾಗಲೂ ಪಂಚೆ ಹೊದಿಸಿರುತ್ತೇವೆ. ಆ ಸೀರೆ ಅವಳೊಬ್ಬಳದು, ಅಂಥದ್ದು ಇನ್ನೊಂದಿಲ್ಲ ಎನ್ನುವುದೇ ತವರಿನಿಂದ ಹೆಣ್ಣಿಗೆ ಕೊಡುವ ಮರ್ಯಾದೆ. ಸೀರೆ ಇಳಿಸಿ, ಮಡಿಸಿ, ಟ್ರಂಕಿನಲ್ಲಿಟ್ಟು ಕದಿರಮ್ಮ ಬೀಗದ ಕೈಯನ್ನು ನನಗೇ ಕೊಟ್ಟಳು. (ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವಳು ಮಾಡಿದ ಏಕೈಕ ತಪ್ಪು ಅದು.)

ಆಗಲೇ ನನಗೆ ಜ್ಞಾನೋದಯವಾದದ್ದು. ಪರಿಗಿಯ ಕಡೆ ಯಾರೋ ನೆಟ್ಟಿನಲ್ಲಿ ಎಮ್ಮೆಯ ಫೋಟೊ ಹಾಕಿ ಸೇಲಂನವರಿಗೆ ಮಾರಿದರಂತೆ ಎಂದು ಮಾರ್ಕೆಟ್ಟೆಲ್ಲ ಮಾತು. ಎಮ್ಮೆಗೆ ಸಿಕ್ಕ ಭಾಗ್ಯ ನನ್ನ ಹೆಂಡತಿಯ ಕಲೆಗೆ ಬೇಡವೇ? ಬಸ್ ಸ್ಟ್ಯಾಂಡ್ ಎದುರು ಓಬುಳಪತಿಯ ನೆಟ್ ಸೆಂಟರ್ ಇತ್ತು. ನನ್ನ ಜೊತೆ ಎಂಟನೇ ಕ್ಲಾಸು ಓದಿದವನು, ಬೊಕ್ಕತಲೆ, ದಪ್ಪ ಕನ್ನಡಕ. ಅಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ತಣ್ಣನೆಯ ಗಾಳಿ, ಮಂದ ಬೆಳಕು, ಗರ್ಭಗುಡಿಯ ಹಾಗೆಯೇ. ಅವನು ಒಂದು ಗುಂಡಿ ಒತ್ತಿದ, ಜಪಾನಿನ ರೇಷ್ಮೆ ಅಂಗಡಿ ಕಣ್ಣೆದುರು ಬಂತು. ಇನ್ನೊಂದು ಒತ್ತಿದ, ಬನಾರಸಿನ ಬೀದಿ. ನನಗೆ ಗೊತ್ತಿಲ್ಲದೆ ಕೈ ಮುಗಿದುಬಿಟ್ಟೆ. ನಾಲ್ಕು ಸೀರೆ ಹೆಗಲಿಗೆ ಹಾಕಿಕೊಂಡು ಲೇಪಾಕ್ಷಿಯವರೆಗೆ ಹೋಗಿ ಬರುವಷ್ಟರಲ್ಲಿ ನಮ್ಮಪ್ಪನ ದಿನ ಮುಗಿಯುತ್ತಿತ್ತು. ಇವನು ಕುರ್ಚಿ ಬಿಟ್ಟು ಏಳಲೂ ಇಲ್ಲ!

"ಓಬುಳಪತಿ, ಒಂದು ಸೀರೆ ಫೋಟೊ ಐತೆ. ಪ್ರಪಂಚಕ್ಕೆ ತೋರ್ಸ್ಬೇಕು ಕಣಪ್ಪ. ಆದ್ರೆ ಎಂಟೇ ದಿನ. ಜಾಕಡ್ ಮೇಲೆ," ಎಂದೆ.

ಜಾಕಡ್ ಎಂದರೆ ನಮ್ಮ ವ್ಯಾಪಾರದ ಪದ್ಧತಿ. ಮಾಲು ನಂಬಿಕೆಯ ಮೇಲೆ ಕಳಿಸುವುದು. ಒಪ್ಪಿದರೆ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಮಡಿಕೆ ಕೆಡದಂತೆ ವಾಪಸು ಮಾಡಬೇಕು. ನಮ್ಮ ತಾತನ ಕಾಲದಿಂದ ಯಾರೂ ಮಾತು ತಪ್ಪಿಲ್ಲ.

"ನೆಟ್ಟಲ್ಲಿ ಜಾಕಡ್ಡಾ?" ಓಬುಳಪತಿ ತಲೆ ಕೆರೆದುಕೊಂಡ. "ಅದೇನೋ ನಂಗೊತ್ತಿಲ್ಲಪ್ಪ. ಹಾಕು ಅಂದ್ರೆ ಹಾಕ್ತೀನಿ, ತೆಗಿ ಅಂದ್ರೆ ತೆಗೀತೀನಿ."

"ಅಷ್ಟೇ ಬೇಕಾಗಿರೋದು. ಕೆಳಗಡೆ 'ಜಾಕಡ್, ಎಂಟು ದಿನ' ಅಂತ ಬರೀ. ವ್ಯಾಪಾರಸ್ಥರಿಗೆ ಅರ್ಥ ಆಯ್ತದೆ."

ಕದಿರಮ್ಮ ತವರಿಗೆ ಹೋದ ದಿನ ಓಬುಳಪತಿಯನ್ನು ಮನೆಗೆ ಕರೆದು, ಸೀರೆಯನ್ನು ಉದ್ದಕ್ಕೂ ಹರಡಿ, ಅಂಚು ಬೇರೆ, ಸೆರಗು ಬೇರೆ ಫೋಟೊ ತೆಗೆಸಿದೆ. ಕಟ್ಟಳೆ ಮುರಿದೆ ಎನ್ನಬೇಡಿ. ಸೀರೆ ಮನೆ ಬಿಟ್ಟು ಹೊರಗೆ ಹೋಗಲಿಲ್ಲ, ಹೋದದ್ದು ಫೋಟೊ ಮಾತ್ರ. ಎಂಟು ದಿನ ನಾನು ದಿನಾ ಹೋಗಿ ನೋಡಿಬರುತ್ತಿದ್ದೆ. ನಾನೂರ ಹದಿನೇಳು ಜನ ನೋಡಿದ್ದರು. ನಾನೂರ ಹದಿನೇಳು! ನನ್ನ ಅಂಗಡಿಗೆ ಅಷ್ಟು ಜನ ಒಟ್ಟಿಗೆ ಬಂದರೆ ಗೋಡೆ ಬೀಳುತ್ತದೆ. ಕೊಳ್ಳುವವರು ಯಾರೂ ಬರಲಿಲ್ಲ ನಿಜ. ಎಂಟನೇ ದಿನ ಓಬುಳಪತಿ ಗುಂಡಿ ಒತ್ತಿದ, ಫೋಟೊ ಮಾಯವಾಯಿತು. ಮಾಲು ವಾಪಸು ಬಂತು ಎಂದು ನಾನು ನೆಮ್ಮದಿಯಿಂದ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದೆ.

ಅದಾಗಿ ಒಂದೂವರೆ ತಿಂಗಳಿಗೆ ಕಲ್ಯಾಣದುರ್ಗದಲ್ಲಿ ನಿಶ್ಚಿತಾರ್ಥ. ಬಸ್ಸಿಳಿದು, ಆಟೊ ಹಿಡಿದು, ಬೀಗರ ಮನೆ ಮುಂದೆ ನಿಂತೆವು. ಹುಡುಗನ ಸೋದರತ್ತೆ ಪಾಪಕ್ಕ ಆರತಿ ತಟ್ಟೆ ಹಿಡಿದು ನಗುನಗುತ್ತಾ ಬಾಗಿಲಿಗೆ ಬಂದರು. ಮೆಜೆಂಟಾ ಸೀರೆ. ಅಂಚಿನಲ್ಲಿ ಹಳದಿ ಕಡಲೆ ಗಿಡಗಳು. ಬುಡದಲ್ಲಿ ಕಾಯಿ ಗೊಂಚಲು.

ನಾನು ಕದಿರಮ್ಮನ ಬೆನ್ನ ಹಿಂದೆ ಸರಿದೆ. ಆರತಿ ಮುಗಿದ ಮೇಲೆ ಅವಳು ಪಾಪಕ್ಕನ ಸೆರಗನ್ನು ಎರಡು ಬೆರಳಲ್ಲಿ ಹಿಡಿದು, "ಚೆನ್ನಾಗೈತೆ ಕಣಕ್ಕ, ಎಲ್ಲಿ ತಗಂಡ್ರಿ?" ಎಂದಳು.

"ಬಸ್ ಸ್ಟ್ಯಾಂಡ್ ಅಂಗ್ಡೀಲಿ ರಾಶಿ ಹಾಕವ್ರೆ ಕಣಮ್ಮ! ನಮ್ಮೂರ ಬೆಳೆ ಅಂತ ಎಲ್ರೂ ಮುಗಿಬಿದ್ದು ತಗಂಡ್ರು. ಒಗುದ್ರೆ ಬಣ್ಣ ಬಿಡಲ್ಲ, ಇಸ್ತ್ರಿನೂ ಬ್ಯಾಡ. ನಿಂಗೂ ಒಂದು ತಂದಿಕ್ಕಿವ್ನಿ, ತಾಂಬೂಲಕ್ಕೆ."

ನಮ್ಮ ನೇಕಾರರಲ್ಲಿ ದೃಷ್ಟಿಗೆಂದು ಅಂಚಿನಲ್ಲಿ ಒಂದು ಕಡೆ ಬೇಕೆಂದೇ ತಪ್ಪು ನೇಯುತ್ತಾರೆ. ಕದಿರಮ್ಮ ಒಂದು ಕಾಯಿಯನ್ನು ತಲೆಕೆಳಗಾಗಿ ಇಟ್ಟಿದ್ದಳು. ಕದ್ದವನು ಎಷ್ಟು ಪ್ರಾಮಾಣಿಕ ಎಂದರೆ, ಆ ತಪ್ಪನ್ನೂ ಗೇಣಿಗೊಂದರಂತೆ ಸೀರೆಯುದ್ದಕ್ಕೂ ಅಚ್ಚು ಹಾಕಿಸಿದ್ದ. ಎಲ್ಲಿಯ ಊರು, ಯಾವ ಕಾರ್ಖಾನೆ, ದೇವರೇ ಬಲ್ಲ. ನಾಲ್ಕು ತಿಂಗಳು ಬರೆದದ್ದನ್ನು ಒಂದೂವರೆ ತಿಂಗಳಲ್ಲಿ ಪಾಲಿಯೆಸ್ಟರ್ ಮೇಲೆ ಒತ್ತಿ, ಲಾರಿ ಹತ್ತಿಸಿ, ನಮ್ಮ ಬೀಗರ ಮೈಮೇಲೆ ಹಾಕಿದ್ದರು. ಹೊಟ್ಟೆ ಉರಿಯುತ್ತಿದ್ದರೂ ಆ ವೇಗಕ್ಕೆ ನಾನು ಒಳಗೊಳಗೇ ಬೆರಗಾದೆ. (ಇದನ್ನು ಕದಿರಮ್ಮನಿಗೆ ಹೇಳಿಲ್ಲ.)

ವಾಪಸು ಬರುವ ಬಸ್ಸಿನಲ್ಲಿ ಅವಳು ಬಾಯಿ ತೆರೆದಳು. "ಬೀಗದ ಕೈ ಯಾರತ್ರ ಇತ್ತು?"

"ನನ್ನತ್ರ. ಆದ್ರೆ ಸೀರೆ ಟ್ರಂಕಲ್ಲೇ ಐತಲ್ಲೇ! ಫೋಟೊ ಎಂಟೇ ದಿನಕ್ಕೆ ನೆಟ್ಟಿಗೆ ಕಳ್ಸಿದ್ದೆ. ನಾನೂರ ಹದಿನೇಳು ಜನ ನೋಡಿದ್ರು, ಅಷ್ಟೇ. ಜಾಕಡ್ ಅಂತ ಬರೆಸಿದ್ದೆ. ವಾಪಸೂ ಇಸ್ಕೊಂಡೆ!"

"ಏಮಯ್ಯಾ, ನಾನೂರು ಜನ ಕಣ್ಣಲ್ಲಿ ನೋಡಿದ್ನ ಹೆಂಗೆ ವಾಪಸ್ ಇಸ್ಕೊಂಡೆ? ಒಬ್ಬೊಬ್ರ ಕಣ್ಣೂ ತೊಳ್ದು ಬಂದ್ಯಾ?"

ನಾನು ಕಿಟಕಿಯ ಕಡೆ ತಿರುಗಿದೆ. ಆಗ ಹಿಂದಿನ ಸೀಟಿನಿಂದ ರಮ್ಯಾಳ ದನಿ ಕೇಳಿತು. ಅವಳು ಜಗಳವಾಡಲಿಲ್ಲ, ಅತ್ತಿದ್ದಳು. "ಅಪ್ಪಾ, ಧಾರೆ ಮುಂದೆ ಅಲ್ಲಿ ಕೂತಿರೋರೆಲ್ಲ ಅದೇ ಸೀರೆ ಉಟ್ಟಿರ್ತಾರೆ. ನಾನೂ ಅದನ್ನೇ ಉಟ್ಕಂಡು ಬರ್ಲಾ?"

ತವರಿನ ಮರ್ಯಾದೆಯನ್ನು ನಾನೇ ಬಸ್ ಸ್ಟ್ಯಾಂಡಿನಲ್ಲಿ ರಾಶಿ ಹಾಕಿಸಿದ್ದೆ. ಮದುವೆಗೆ ಇನ್ನು ಮೂರು ತಿಂಗಳು.

ತಪ್ಪು ಮಾಡಿದ ಗಂಡಸು ಮೊದಲು ಮಾಡುವ ಕೆಲಸ ಬೇರೆಯವರ ಮೇಲೆ ಕೇಸು ಹಾಕುವುದು. ಮಾರನೇ ದಿನವೇ ಕದಿರಮ್ಮನನ್ನೂ ಅವಳ ಗ್ರಾಫ್ ಹಾಳೆಗಳನ್ನೂ ಹೊರಡಿಸಿಕೊಂಡು ವಕೀಲ ಲಕ್ಷ್ಮಣಪ್ಪನವರ ಆಫೀಸಿಗೆ ಹೋದೆ.

"ಯಾರ ಮ್ಯಾಲೆ ನೋಟೀಸು?" ಎಂದರು ಅವರು.

"ಇಂಟರ್‌ನೆಟ್ ಮೇಲೆ," ಎಂದೆ ಗಟ್ಟಿಯಾಗಿ.

ಲಕ್ಷ್ಮಣಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. "ಅದರ ವಿಳಾಸ ಹೇಳಿದ್ರೆ ಈಗ್ಲೇ ಕಳಿಸ್ತೀನಿ. ಹೋಗ್ಲಿ, ಡಿಸೈನು ಯಾರ್ದು?"

"ನಮ್ಮ ಅಂಗಡೀದು."

"ಹಾಳೆ ಮೇಲೆ ಕ. ಅಂತ ಸಹಿ ಐತೆ. ನಿಮ್ಮ ಹೆಸರು ಸೀ. ಅಲ್ವಾ?"

"ಅದು ನಂದು ಸಾರ್," ಎಂದಳು ಕದಿರಮ್ಮ. ಆ ಆಫೀಸಿನಲ್ಲಿ ಅವಳು ಆಡಿದ ಮೊದಲ ಮಾತು ಅದು.

"ಸರಿ ಕಣಮ್ಮ. ರಿಜಿಸ್ಟರ್ ಮಾಡಿಸೋಕೆ ಮೊದ್ಲೇ ಬಯಲಿಗಿಟ್ರೆ ಆಮೇಲೆ ಆ ಡಿಸೈನಿಗೆ ರಿಜಿಸ್ಟ್ರೇಷನ್ ಸಿಕ್ಕಲ್ಲ. ಬಯಲಿಗಿಟ್ಟೋರು ಯಾರು?"

ಇಬ್ಬರೂ ನನ್ನ ಕಡೆ ನೋಡಿದರು. ಗೋಡೆಯ ಮೇಲಿದ್ದ ಕ್ಯಾಲೆಂಡರಿನ ಲಕ್ಷ್ಮಿಯೂ ನೋಡಿದಂತಾಯಿತು.

"ಬರೆದೋರ ಒಪ್ಪಿಗೆ ಇಲ್ದೆ?" ಲಕ್ಷ್ಮಣಪ್ಪ ನಿಟ್ಟುಸಿರುಬಿಟ್ಟರು. "ಸೀತಾರಾಮಪ್ಪ, ಬ್ಯಾಸರ ಮಾಡ್ಕೋಬ್ಯಾಡಿ. ನ್ಯಾಯವಾಗಿ ನೋಡಿದ್ರೆ ಮೊದ್ಲನೇ ನೋಟೀಸು ನಿಮಗೇ ಬರಬೇಕು."

ಅದನ್ನು ಅವರು ತಮಾಷೆಗೆ ಹೇಳಿದ್ದರು. ಕದಿರಮ್ಮ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. "ಬರೀರಿ ಸಾರ್."

ಹಾಗೆ ಬಂತು ಆ ನೋಟೀಸು. ಇನ್ನು ಮುಂದೆ ಯಾವುದೇ ವಿನ್ಯಾಸವನ್ನು ನೋಡುವ, ತೋರಿಸುವ, ಅದರ ಬಗ್ಗೆ ಗಿರಾಕಿಗಳಲ್ಲಿ ಭಾಷಣ ಮಾಡುವ ಅಧಿಕಾರ ನನಗಿಲ್ಲ ಎಂದಿತ್ತು. ಮದುವೆಯವರೆಗೆ ನಡುಮನೆಗೂ ಪ್ರವೇಶವಿಲ್ಲ. ಮನೆಯ ಸೀರೆ ನೋಡಬಾರದ 'ಹೊರಗಿನ ಕಣ್ಣು' ಎಂದರೆ ನನ್ನ ಕಣ್ಣೇ ಎಂದಾಯಿತು! ಅಂಗಡಿಯಿಂದ ಹಿತ್ತಲಿಗೆ ಹೋಗಲು ಬೀದಿ ಸುತ್ತಿ ಬರಬೇಕಾಗಿತ್ತು. ನಡುಮನೆಯಲ್ಲಿ ಹಗಲೆಲ್ಲ ಮಗ್ಗದ ಸದ್ದು. ಬೆಳಗ್ಗೆ ಕಣ್ಣು ಕೆಂಪಗೆ ಮಾಡಿಕೊಂಡು ಕದಿರಮ್ಮ ಕಾಫಿ ಕೊಡುವಾಗ ನನಗೆ ನಿಜವಾಗಿ ನಾಚಿಕೆಯಾಗುತ್ತಿತ್ತು. ಮಧ್ಯಾಹ್ನ ಅವಳು ಸೆರಗು ಹೊದ್ದು ಎಲ್ಲಿಗೋ ಹೋಗುತ್ತಿದ್ದಳು. ಕೇಳಿದರೆ, "ಕಲಿಯಾಕೆ ಹೋಯ್ತೀನಿ," ಎನ್ನುತ್ತಿದ್ದಳು. ಏನನ್ನು ಎಂದು ಕೇಳುವ ಹಕ್ಕು ನೋಟೀಸಿನ ಪ್ರಕಾರ ನನಗಿದೆಯೋ ಇಲ್ಲವೋ ತಿಳಿಯದೆ ಸುಮ್ಮನಿದ್ದೆ.

ಮದುವೆಯ ದಿನ ಹಿಂದೂಪುರದ ಛತ್ರ ತುಂಬಿತ್ತು. ಕಲ್ಯಾಣದುರ್ಗದಿಂದ ಎರಡು ಬಸ್ಸು ಬಂದಿದ್ದವು. ಇಳಿದ ಹೆಂಗಸರಲ್ಲಿ ಅರ್ಧಕ್ಕರ್ಧ ಕಡಲೆ ಗಿಡಗಳು. ಮದುವಣಗಿತ್ತಿಯ ಕೋಣೆಗೆ ನನಗೆ ಪ್ರವೇಶವಿಲ್ಲ. ಧಾರೆಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಎಲ್ಲಿ ನಿಲ್ಲುವುದೆಂದು ತಿಳಿಯದೆ ಅಡುಗೆ ಶೆಡ್ಡಿಗೆ ಹೋಗಿ, ಹೆಗಲಿಗೆ ಟವೆಲು ಹಾಕಿಕೊಂಡು, ಸೌಟು ಹಿಡಿದು ಸಾಂಬಾರು ಕದಡುತ್ತಾ ನಿಂತೆ. ಮಗಳು ಏನು ಉಟ್ಟು ಬರುತ್ತಾಳೋ, ಆ ಗಿಡಗಳ ನಡುವೆ ತಲೆ ತಗ್ಗಿಸಿಕೊಂಡು ಬರುತ್ತಾಳೋ ಎಂಬುದೇ ಚಿಂತೆ.

ಗಂಡಿನ ಕಡೆಯ ಒಬ್ಬರು ನೀರು ಕೇಳಿಕೊಂಡು ಬಂದರು. ಚೌಡಣ್ಣ ಅಂತೆ, ಕಲ್ಯಾಣದುರ್ಗದ ಹತ್ತಿರದ ಹಳ್ಳಿ, ಮಿಲ್ಲಿಗೆ ಕಾಯಿ ಹಾಕುವವರು. ನೀರು ಕುಡಿಯುತ್ತಿದ್ದಂತೆ ಅವರ ಸೆಲ್‌ಫೋನು ಕುಯ್ ಎಂದಿತು. "ಅಬ್ಬಬ್ಬಾ! ಚೂಡಂಡಿ, ಹೆಣ್ಣಿನ ಸೀರೆ!" ಎಂದು ನನ್ನ ಮುಖಕ್ಕೆ ಹಿಡಿದರು.

ನನ್ನ ರಮ್ಯಾ. ಅಂಚಿನುದ್ದಕ್ಕೂ ಜರಿಯಲ್ಲಿ ಪುಟ್ಟ ಪುಟ್ಟ ಹೆಂಗಸರು, ಒಬ್ಬೊಬ್ಬಳೂ ಮಗ್ಗದ ಮುಂದೆ ಕೂತಿದ್ದಾಳೆ. ಒಬ್ಬಳ ಮಗ್ಗದಿಂದ ಹೊರಟ ಎಳೆ ಮುಂದಿನವಳ ಮಗ್ಗಕ್ಕೆ, ಅಲ್ಲಿಂದ ಅದರ ಮುಂದಿನವಳದಕ್ಕೆ, ಹಾಗೆಯೇ ಸೆರಗಿನವರೆಗೆ, ಎಲ್ಲೂ ತುಂಡಾಗದೆ. ಮೂವತ್ತು ವರ್ಷದ ವ್ಯಾಪಾರದಲ್ಲಿ ಅಂಥದ್ದನ್ನು ನಾನು ಕಂಡಿಲ್ಲ. ಮಗಳು ತಲೆ ಎತ್ತಿ ನಗುತ್ತಿದ್ದಳು. ನನ್ನ ಕಣ್ಣಲ್ಲಿ ನೀರು ಬಂತು.

"ಯಾರು ಕಳ್ಸಿದ್ರಪ್ಪ ಇದ್ನ?"

"ಬೆಂಗಳೂರಿಂದ ನಮ್ಮ ಷಡ್ಡಕ. ಇವಾಗ್ತಾನೆ ನೆಟ್ಟಲ್ಲಿ ಬಂತಂತೆ."

ಕದಿರಮ್ಮ ಮಧ್ಯಾಹ್ನ ಕಲಿಯಲು ಹೋಗುತ್ತಿದ್ದದ್ದು ಓಬುಳಪತಿಯ ನೆಟ್ ಸೆಂಟರಿಗೇ ಎಂದು ಆಗ ಹೊಳೆಯಿತು. ಕೋಣೆಗೂ ಶೆಡ್ಡಿಗೂ ನಡುವೆ ಐವತ್ತು ಹೆಜ್ಜೆ. ನನ್ನ ಮಗಳು ಆ ಕೋಣೆಯಿಂದ ಬೆಂಗಳೂರಿಗೆ ಹೋಗಿ, ಯಾರದೋ ಷಡ್ಡಕನನ್ನು ಮಾತಾಡಿಸಿಕೊಂಡು, ಸಾಂಬಾರಿನ ಹೊಗೆಯಲ್ಲಿ ನಿಂತ ಅಪ್ಪನ ಹತ್ತಿರ ಬಂದಿದ್ದಳು. ಇದಕ್ಕಿಂತ ದೊಡ್ಡ ಪವಾಡವನ್ನು ನಾನು ಯಾವ ಪುರಾಣದಲ್ಲೂ ಕೇಳಿಲ್ಲ. ಸೌಟು ಹಿಡಿದ ಕೈಯಲ್ಲೇ ನಮಸ್ಕಾರ ಮಾಡಿದೆ.

"ಕೆಳಗೆ ಏನೋ ಇಂಗ್ಲಿಷಲ್ಲಿ ಬರದವ್ರೆ," ಎಂದು ಚೌಡಣ್ಣ ಕಣ್ಣು ಕಿರಿದು ಮಾಡಿ ಓದಿ, ನನಗೆ ಅರ್ಥ ಹೇಳತೊಡಗಿದರು. "ಡಿಸೈನು, ಹಿಂದೂಪುರದ ಕದಿರಮ್ಮ. ರಿಜಿಸ್ಟ್ರೇಷನ್‌ಗೆ ಅರ್ಜಿ ಹಾಕೈತಂತೆ. ಈ ಡಿಸೈನ್ನ ಬೇರೆಯೋರಿಗೆ ಕೊಡೋ ಅಧಿಕಾರ ಯಾರಿಗೂ ಇಲ್ಲ, ಆಯಮ್ಮನ ಗಂಡನಿಗಂತೂ..." ಅವರಿಗೆ ನಗು ತಡೆಯಲಾಗಲಿಲ್ಲ, "ಆಯಮ್ಮನ ಗಂಡನಿಗಂತೂ ಇಲ್ವೇ ಇಲ್ಲವಂತೆ! ಪ್ರಪಂಚಕ್ಕೆಲ್ಲ ಸಾರವ್ರೆ! ಪಾಪ, ಯಾವನೋ ಆ ಗಂಡ? ನೀವೇನಾದ್ರೂ ಬಲ್ಲಿರಾ?"

"ನಂಗೇನ್ ಗೊತ್ತು ಕಣಪ್ಪ," ಎಂದೆ ಸಾಂಬಾರು ಕದಡುತ್ತಾ. "ನಾನು ಅಡುಗೆಯೋನು."

ಅದೇ ಗಳಿಗೆಗೆ ಮೈಕಿನಲ್ಲಿ ಪುರೋಹಿತರ ದನಿ ಮೊಳಗಿತು: "ಹೆಣ್ಣಿನ ತಂದೆ, ಕದಿರಮ್ಮನವರ ಯಜಮಾನರು, ಸೀತಾರಾಮಪ್ಪನೋರು ಅಡುಗೆ ಶೆಡ್ಡಲ್ಲಿದ್ರೆ ತಕ್ಷಣ ಧಾರೆ ಮಂಟಪಕ್ಕೆ ಬರ್ಬೇಕು!"

ಶೆಡ್ಡಿನಲ್ಲಿದ್ದ ಭಟ್ಟರೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದರು. ನಾನು ಸೌಟು ಕೆಳಗಿಟ್ಟು, ಟವೆಲಿನಲ್ಲಿ ಮುಖ ಒರೆಸಿಕೊಂಡು ಹೊರಟೆ. ಚೌಡಣ್ಣ ಫೋನು ಎತ್ತಿ ನನ್ನದೊಂದು ಫೋಟೊ ತೆಗೆದರು. ನಾನು ಮಂಟಪದ ಮೆಟ್ಟಿಲು ಹತ್ತುವ ಹೊತ್ತಿಗೆ ಅದು ಬೆಂಗಳೂರು ತಲುಪಿತ್ತು.