ಸ್ಟೂಲ್ ಹಣಮಂತನ ಬ್ಲಾಕು

ಚೆಂಬೂರಿನ ಆ ಚಾಳಿನಲ್ಲಿ ಹಣಮಂತ ಬಡಿಗೇರ ಮಾಡಿಕೊಟ್ಟ ಸ್ಟೂಲು ಇಲ್ಲದ ಖೋಲಿ ಒಂದೇ ಒಂದು. ಅದು ಹಣಮಂತನ ಸ್ವಂತ ಖೋಲಿ. ಆ ದಿನದ ಅನಾಹುತಕ್ಕೆಲ್ಲ ಇದೇ ಮೂಲ.

ಜಮಖಂಡಿ ಕಡೆಯಿಂದ ಮುಂಬಯಿಗೆ ಬಂದ ಹಣಮಂತ ಕಪಾಟು ಮಾಡಿದ್ದಾನೆ, ದೇವರ ಮಂಟಪ ಮಾಡಿದ್ದಾನೆ, ಹೋಟೆಲುಗಳಿಗೆ ಮೇಜು ಮಾಡಿದ್ದಾನೆ. ಅವನು ಕೂಡಿಸಿದ ಕೀಲು ಇವತ್ತಿನವರೆಗೆ ಬಿಚ್ಚಿದ್ದಿಲ್ಲ. ಆದರೂ ಜನ ಅವನನ್ನು ಕರೆಯುವುದು ಸ್ಟೂಲ್ ಹಣಮಂತ ಅಂತ. ಮಗಳ ಮದುವೆಯಲ್ಲಿ ಬೀಗರು ಲಗ್ನಪತ್ರಿಕೆಗೆ ‘ಶ್ರೀ ಹಣಮಂತಪ್ಪ ಸ್ಟೂಲ’ ಎಂದೇ ಅಚ್ಚು ಹಾಕಿಸಿಬಿಟ್ಟರು. ನಮ್ಮ ಕಡೆ ಉಳ್ಳಾಗಡ್ಡಿ, ಮೆಣಸಿನಕಾಯಿ ಅಂತೆಲ್ಲ ಅಡ್ಡಹೆಸರು ಇರುವಾಗ ಸ್ಟೂಲ ಯಾಕಿರಬಾರದು ಎಂದು ಅವರ ಲೆಕ್ಕ. ಅಂದು ಮಂಟಪದಲ್ಲೇ ಹಣಮಂತ ಬೀಗರ ಅಂಗಿ ಹಿಡಿಯಲು ಹೋಗಿದ್ದ. ಆಮೇಲೆ ಆ ಹೆಸರು ತೊಳೆದುಹಾಕದೆ ಸಾಯುವುದಿಲ್ಲ ಎಂದು ಹಟ ತೊಟ್ಟ.

ಅದಕ್ಕೇ ಹುಟ್ಟಿದ್ದು ಈ ಬ್ಲಾಕು. ಯಾವುದೋ ಫ್ಲಾಟಿಗೆ ಕಪಾಟು ಕೂಡಿಸಲು ಹೋದಾಗ ಅಲ್ಲಿನ ಮಕ್ಕಳು ಪ್ಲಾಸ್ಟಿಕ್ಕಿನ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿ ಮನೆ ಕಟ್ಟುತ್ತಿದ್ದವು. ಇಂಥದನ್ನು ಕಟ್ಟಿಗೆಯಲ್ಲಿ ಯಾಕೆ ಮಾಡಬಾರದು ಎಂದು ಅವನ ತಲೆಗೆ ಹೊಕ್ಕಿತು. ಉಳಿದ ಸಾಗುವಾನಿ ತುಂಡುಗಳನ್ನು ಒಟ್ಟುಗೂಡಿಸಿ, ಒಂದು ಮುಖಕ್ಕೆ ಗುಂಡನೆಯ ಮೊಗ್ಗು, ಉಳಿದ ಮುಖಗಳಿಗೆ ಅದೇ ಅಳತೆಯ ತೂತು ಕೊರೆದ. ಉದ್ದದ್ದು ಗಿಡ್ಡದ್ದರ ಎರಡರಷ್ಟು; ಹಾಗಾಗಿ ಯಾವುದನ್ನು ಯಾವುದಕ್ಕೆ ಬೇಕಾದರೂ ಕೂಡಿಸಬಹುದು. ಮನೆ ಕಟ್ಟು, ಎತ್ತು ಕಟ್ಟು, ಬೇಕಾದರೆ ಲೋಕಲ್ ಗಾಡಿ ಕಟ್ಟು. ಅಂಟಿಲ್ಲ, ಮೊಳೆಯಿಲ್ಲ. ಬೇಸಿಗೆಯಲ್ಲಿ ಕೂಡಿಸಿ ಬಿಡಿಸಿ ನೋಡಿದಾಗ ಹುರಿದ ಶೇಂಗಾದ ಸಿಪ್ಪೆಯಷ್ಟು ಸಲೀಸಾಗಿ ಬಿಟ್ಟುಕೊಂಡಿದ್ದವು.

ಚಾಳಿನ ಕೆಳಗಿನ ಉಡುಪಿ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂತು ದುಡ್ಡು ಎಣಿಸುವ ಅಣ್ಣು ಅದನ್ನು ನೋಡಿ, “ನಮ್ಮ ಊರಿನ ವಿಜೇತಾ ಮೇಡಂ ಮಾಟುಂಗದಲ್ಲಿ ಸಣ್ಣ ಮಕ್ಕಳ ಶಾಲೆ ನಡೆಸ್ತಾರೆ ಮಾರಾಯ್ರೆ, ನಾನು ಹೇಳ್ತೇನೆ” ಎಂದಿದ್ದ. ಹೇಳಿಯೂ ಬಿಟ್ಟ. ಮೇಡಂ ಇವತ್ತು ಸಂಜೆ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಹಣಮಂತ ಇನ್ನು ಮಕ್ಕಳ ಆಟಿಗೆಯ ಹಣಮಂತ. ಸ್ಟೂಲು ಸತ್ತಿತು ಅಂತಲೇ ಲೆಕ್ಕ.

ಮುಂಜಾನೆ ಹಣಮಂತ ನಲ್ಲಿಯ ಹತ್ತಿರ ಹಲ್ಲುಜ್ಜುತ್ತಿದ್ದಾಗ ಹೆಂಡತಿ ಇಂದ್ರಾಬಾಯಿ ಬಾಗಿಲಿಗೆ ಬಂದಳು.

“ಏನ್ರೀ, ಇದನ್ನ ಬಿಚ್ಚೂದು ಹ್ಯಾಂಗ?”

“ಯಾವದನ್ನ?”

“ನಿಮ್ಮ ಬ್ಲಾಕನ್ನ. ಮೇಡಂ ಬರ್ತಾರಂತ ಅಟ್ಟದ ಮ್ಯಾಲಿನ ಚಹಾದ ಚಲೋ ಕಪ್ಪು ಬಸಿ ತಗೀಬೇಕಿತ್ತು. ನಿಲ್ಲಾಕ ಏನೂ ಇದ್ದಿಲ್ಲ. ಅದಕ್ಕ ಅವನ್ನs ಜೋಡಿಸಿ ಹತ್ತಿದ್ನಿ.”

ಹಣಮಂತನ ಬಾಯಿಯ ನೊರೆ ಹಾಗೇ ನಿಂತಿತು. ಇಂದ್ರಾಬಾಯಿ ಹಗುರ ಹೆಂಗಸಲ್ಲ. ಅವಳು ಹತ್ತಿದರೆ ಬೆಸ್ಟ್ ಸಿಟಿ ಬಸ್ಸು ಒಂದು ಮಗ್ಗುಲಿಗೆ ವಾಲುತ್ತದೆ. ಮೇಲಾಗಿ ಆಷಾಢದ ಮಳೆ. ಖೋಲಿಯಲ್ಲಿ ಹಪ್ಪಳ, ಬೆಂಕಿಪೊಟ್ಟಣ, ಗೋಡೆ ಎಲ್ಲವೂ ನೀರು ಕುಡಿದು ಉಬ್ಬಿದ್ದವು. ಸಾಗುವಾನಿ ಏನು ಏಕಾದಶಿ ಮಾಡುತ್ತದೆಯೇ?

ಒಳಗೆ ಬಂದು ನೋಡಿದ. ಹೆಚ್ಚುಕಡಿಮೆ ಅಷ್ಟೂ ಬ್ಲಾಕುಗಳು ಕೂಡಿ, ನಾಲ್ಕು ಗಟ್ಟಿ ಕಾಲು, ಮೇಲೊಂದು ಚೌಕ ಹಲಗೆಯಾಗಿ, ಅಪ್ಪಟ ಸ್ಟೂಲಾಗಿ ನಿಂತಿದ್ದವು. ಪೆಟ್ಟಿಗೆಯಲ್ಲಿ ಎರಡೋ ಮೂರೋ ತುಂಡು ಉಳಿದಿದ್ದವು. ಹಣಮಂತ ಎರಡೂ ಕೈಯಿಂದ ಜಗ್ಗಿದ. ಕಾಲು ಕೊಟ್ಟು ಜಗ್ಗಿದ. ಸ್ಟೂಲು ಮಿಸುಕಲಿಲ್ಲ, ಅವನ ಸೊಂಟ ಮಿಸುಕಿತು.

“ನಿನಗ ಬ್ಯಾರೆ ಯಾವ ಆಕಾರಾನೂ ಸಿಗಲಿಲ್ಲೇನ?” ಎಂದು ಕೂಗಿದ.

“ಹತ್ತಾಕ ಬೇಕಾಗಿತ್ತು. ಎತ್ತಿನ ಗೊಂಬಿ ಮಾಡಿ ಅದರ ಬೆನ್ನ ಮ್ಯಾಲೆ ನಿಲ್ಲಲೇನು?”

ಆ ಕೂಗಿಗೆ ಪಕ್ಕದ ಖೋಲಿಯ ಶಾಂತಪ್ಪ ಬಂದ. ನಲ್ಲಿ ರಿಪೇರಿಯವನು, ಜಗತ್ತಿನ ಸಕಲ ತೊಂದರೆಗೂ ಅವನ ಹತ್ತಿರ ಪೈಪು ತಿರುಗಿಸುವ ದೊಡ್ಡ ಪಾನಾ ಒಂದೇ ಮದ್ದು.

“ಇಷ್ಟೇನಾ? ಸರಿ ಅತ್ತಾಗ. ಸಾಯನ್ನಿನ ದವಾಖಾನಿ ಪೈಪೇ ಬಿಚ್ಚೀನಿ, ಇದೇನದ,” ಎಂದು ಸ್ಟೂಲಿನ ಕಾಲಿಗೆ ಪಾನಾ ಕಚ್ಚಿಸಿ ತಿರುಗಿಸಿದ. ಕಾಲು ತಿರುಗಲಿಲ್ಲ. ಇಡೀ ಸ್ಟೂಲು ತಿರುಗಿ ಹಣಮಂತನ ಮೊಣಕಾಲಿಗೆ ಬಡಿಯಿತು. ಸಾಗುವಾನಿಯ ಮೇಲೆ ಪಾನಾದ ಹಲ್ಲಿನ ಗುರುತು ಮೂಡಿದ್ದು ಕಂಡು ಹಣಮಂತ, “ಇದು ಗಟಾರ ಪೈಪ್ ಅಲ್ಲಲೇ, ಮಕ್ಕಳ ಆಟಿಗಿ” ಎಂದು ಅವನನ್ನು ತಳ್ಳಿದ.

ಎದುರು ಖೋಲಿಯ ನಾಗರತ್ನಾ ಬಟ್ಟೆ ಸಾಬೂನು ತಂದು ಸಂದು ಸಂದಿಗೆ ತಿಕ್ಕಿದಳು. ತನ್ನ ಉಂಗುರ ಸಿಕ್ಕಿಕೊಂಡಾಗ ಹೀಗೇ ಬಂತಂತೆ. ಸ್ಟೂಲು ಉಂಗುರಕ್ಕಿಂತ ಹಟಮಾರಿಯಾಗಿತ್ತು. ಕೆಳಗಿನಿಂದ ಅಣ್ಣು ಬಂದು ಒಮ್ಮೆ ಕೂತು ನೋಡಿದ.

“ಒಳ್ಳೆ ಸ್ಟೂಲು ಮಾರಾಯ್ರೆ. ಚೂರೂ ಅಲ್ಲಾಡುವುದಿಲ್ಲ.”

“ಇದಕ್ಕ ಸ್ಟೂಲ್ ಅಂದ್ರ ನಿಮ್ಮ ಹಲ್ಲ ಅಲ್ಲಾಡಸ್ತೇನಿ.”

“ಸಿಟ್ಟು ಎಂತಕ್ಕೆ? ತೆಂಗಿನೆಣ್ಣೆ ಬಿಸಿ ಮಾಡಿ ಹೊಯ್ಯುವ. ನಮ್ಮಲ್ಲಿ ಎಲ್ಲದಕ್ಕೂ ಅದೇ.”

ಬಿಸಿ ಎಣ್ಣೆ ಹೊಯ್ದರು. ಕಟ್ಟಿಗೆ ಹಪಹಪಿಸಿ ಕುಡಿಯಿತು, ಕುಡಿದು ಹೊಳೆಯಿತು, ಬಿಚ್ಚಲಿಲ್ಲ. ತೇವ ಆರಿದರೆ ತಾನೇ ಬಿಡುತ್ತದೆಂದು ಶಾಂತಪ್ಪ ಬುದ್ಧಿ ಹೇಳಿದ. ಅವನೂ ಹಣಮಂತನೂ ಹೆಣ ಹೊತ್ತಂತೆ ಅದನ್ನು ಹೊತ್ತು ಹೋಟೆಲಿನ ಅಡುಗೆಮನೆಗೆ ತಂದು ದೊಡ್ಡ ಭಟ್ಟಿಯ ಪಕ್ಕ ಇಟ್ಟರು. ಸ್ವಲ್ಪ ಹೊತ್ತಿನಲ್ಲಿ ಎಣ್ಣೆ, ಸಾಬೂನು, ಸಾಗುವಾನಿ ಮೂರೂ ಕಾದು ಎಂಥ ವಾಸನೆ ಎದ್ದಿತೆಂದರೆ, ಹೊರಗೆ ಕೂತ ಗಿರಾಕಿ ಇಂದಿನ ವಿಶೇಷ ತಿಂಡಿ ಯಾವುದು ಎಂದು ಕೇಳಿದ. ಹಣಮಂತ ಮಧ್ಯಾಹ್ನದ ಊಟ ಬಿಟ್ಟು ಹೆರಿಗೆಮನೆಯ ಮುಂದೆ ಕಾಯುವ ಗಂಡನಂತೆ ಅಡುಗೆಮನೆಯ ಬಾಗಿಲಲ್ಲಿ ಅತ್ತಿಂದಿತ್ತ ತಿರುಗಿದ. ನಡುನಡುವೆ ಹೋಗಿ ಜಗ್ಗುವನು. ಒಮ್ಮೆ ನೋಡಿದರೆ ದೋಸೆಯವನು ಅದರ ಮೇಲೆ ಕೂತು ಈರುಳ್ಳಿ ಸುಲಿಯುತ್ತಿದ್ದ. ಅವನನ್ನು ಎಬ್ಬಿಸುವಷ್ಟರಲ್ಲಿ ಅಣ್ಣು ಓಡಿ ಬಂದ.

“ಹಣಮಂತಣ್ಣ, ಮೇಡಂ ಬಂದಾಯಿತು. ಮಳೆಗೆ ಲೋಕಲ್ ನಿಲ್ತದೆ ಅಂತ ಹೆದರಿ ಬೇಗ ಹೊರಟರಂತೆ.”

ಹಿಂದಿನ ಮೆಟ್ಟಿಲಿನಿಂದ ಸ್ಟೂಲನ್ನು ಮೇಲಕ್ಕೆ ಹೊತ್ತರು. ಮೂಲೆಯಲ್ಲಿ ಅಡಗಿಸಿಡಬೇಕು ಎನ್ನುವಷ್ಟರಲ್ಲಿ ವಿಜೇತಾ ಮೇಡಂ ಕೊಡೆ ಕೊಡವುತ್ತಾ ಬಾಗಿಲಲ್ಲಿ ನಿಂತಿದ್ದರು. ಖೋಲಿಯಲ್ಲಿ ಕೂರಲು ಬೇರೆ ಏನೂ ಇಲ್ಲ. ಇಂದ್ರಾಬಾಯಿ ಬೇರೆ ದಾರಿ ಕಾಣದೆ ಒಂದು ಟವೆಲ್ಲು ಮಡಚಿ ಅದರ ಮೇಲೆ ಹಾಸಿ, “ಕುಂದರ್ರಿ ಮೇಡಂ” ಎಂದಳು.

ಮೇಡಂ ಕೂತರು. ಹಣಮಂತನ ಇಡೀ ಭವಿಷ್ಯ ಅವರ ಕೆಳಗಿತ್ತು.

“ಎಲ್ಲಿ ನಿಮ್ಮ ಬ್ಲಾಕ್ಸ್?”

ಹಣಮಂತ ಉಳಿದಿದ್ದ ತುಂಡುಗಳನ್ನು ಅಂಗೈಯಲ್ಲಿ ಹಿಡಿದ. “ಇವು ನಮೂನೇಕ್ಕ ರೀ. ಉಳಿದವು... ಇಲ್ಲೇ ಅದಾವು.”

“ಫಿನಿಶಿಂಗ್ ಬಹಳ ಚಂದ ಉಂಟು. ಒಂದಕ್ಕೊಂದು ಜೋಡಿಸಿ ನೋಡುವ.”

ಜೋಡಿಸಿದ. ಟಕ್ ಎಂದು ಕೂತಿತು.

“ವಾ. ಈಗ ಬಿಡಿಸಿ.”

ಹಣಮಂತ ಜಗ್ಗಿದ. ಬೆನ್ನು ತಿರುಗಿಸಿ ಹಲ್ಲು ಕಚ್ಚಿ ಜಗ್ಗಿದ. ಕಿವಿ ಕೆಂಪಾದವು. ಬಾಗಿಲಲ್ಲಿ ನಿಂತ ಶಾಂತಪ್ಪ ಮೆಲ್ಲಗೆ ಪಾನಾ ಮೇಲೆತ್ತಿದ; ಇಂದ್ರಾಬಾಯಿ ಕಣ್ಣಲ್ಲೇ ಅದನ್ನು ಕೆಳಗಿಳಿಸಿದಳು. ಅವಳು ಕೊಟ್ಟ ಚಹಾ ಮುಗಿಯಿತು, ತುಂಡು ಬಿಡಲಿಲ್ಲ.

“ಇರಲಿ ಬಿಡಿ,” ಮೇಡಂ ಮೃದುವಾಗಿ ಹೇಳಿದರು. “ನಮ್ಮ ಮಕ್ಕಳು ಕಟ್ಟುವುದಕ್ಕಿಂತ ಕೆಡವುವುದೇ ಜಾಸ್ತಿ. ಅವರಿಗೆ ಇದು ಆಗ್ಲಿಕ್ಕಿಲ್ಲ. ಬಟ್...” ಎಂದು ಎದ್ದು ನಿಂತು, ಟವೆಲ್ಲು ಸರಿಸಿ, ತಾವು ಕೂತಿದ್ದನ್ನು ತಟ್ಟಿ ನೋಡಿದರು. “ಈ ಸ್ಟೂಲ್ ಯಾರು ಮಾಡಿದ್ದು? ಎಷ್ಟು ಸ್ಟ್ರಾಂಗ್. ನಮ್ಮ ಶಾಲೆಯ ಕುರ್ಚಿಗಳೆಲ್ಲ ಕಿರಿಕಿರಿ ಅಂತಾವೆ. ಟೀಚರ್‌ಗಳಿಗೆಲ್ಲ ಇಂಥದೇ ಮಾಡಿಕೊಡಿ. ಕಮಿಟಿಯವರಿಗೆ ತೋರಿಸಬೇಕು. ನಮ್ಮ ಪ್ಯೂನ್ ಇಲ್ಲೇ ಸ್ಟೇಷನ್ ಹತ್ರ ಇದ್ದಾನೆ, ಅವನನ್ನು ಕಳಿಸ್ತೇನೆ, ಇದನ್ನೇ ಕೊಟ್ಟುಬಿಡಿ.”

ಮೇಡಂ ಮೆಟ್ಟಿಲಿಳಿದದ್ದೇ ತಡ ಚಾಳೆಲ್ಲ ಒಳಗೆ ನುಗ್ಗಿತು. “ಸ್ಟೂಲ್ ಹಣಮಂತಗ ಸಾಲಿ ಆರ್ಡರ್ ಬಂದದ. ಪೇಢಾ ತರಸು,” ಎಂದ ಶಾಂತಪ್ಪ.

ಮುಂಜಾನೆಯಿಂದ ತಡೆದಿಟ್ಟ ಸಿಟ್ಟೆಲ್ಲ ಹಣಮಂತನ ಬಲಗಾಲಿಗೆ ಇಳಿಯಿತು. ಸ್ಟೂಲಿಗೆ ಒಂದು ಒದೆ ಕೊಟ್ಟ.

ಸ್ಟೂಲು ಒಮ್ಮೆ ಬೆಚ್ಚಿದಂತೆ ಮಾಡಿ, ಜಳಜಳನೆ ಉದುರಿತು. ತುಂಡುಗಳು ಕಪಾಟಿನ ಕೆಳಗೆ, ಒಲೆಯ ಕಟ್ಟೆಗೆ, ನಾಗರತ್ನಾಳ ಕಾಲ ಸಂದಿಗೆ ಓಡಿದವು. ಭಟ್ಟಿಯ ಕಾವಿಗೆ ಕಟ್ಟಿಗೆ ಕುಗ್ಗಿತ್ತು, ಎಣ್ಣೆ ಸಂದಿಗಿಳಿದಿತ್ತು, ಮೇಡಂ ಭಾರಕ್ಕೆ ಕೀಲು ಸಡಿಲಿತ್ತು. ಹಣಮಂತ ಒಂದು ತುಂಡು ಎತ್ತಿ ಇನ್ನೊಂದಕ್ಕೆ ಕೂಡಿಸಿದ, ಬಿಡಿಸಿದ. ಬೆಣ್ಣೆಯ ಹಾಗೆ ಬಂತು.

“ಬಿಚ್ಚಿತಲೇ,” ಎಂದ. ಮುಖ ಅರಳಿತು. “ಮೇಡಂ ಇನ್ನೂ ರಿಕ್ಷಾ ಹತ್ತಿರಲಿಕ್ಕಿಲ್ಲ. ತೋರಿಸಿ ಬರ್ತೇನಿ.”

ಇಂದ್ರಾಬಾಯಿ ಬಾಗಿಲಿಗೆ ಅಡ್ಡ ನಿಂತಳು. ಆ ಬಾಗಿಲಿನಲ್ಲಿ ಆಮೇಲೆ ಗಾಳಿಗೂ ದಾರಿ ಇರಲಿಲ್ಲ. “ಕೈಯಾಗ ಬಂದ ಕೆಲಸ ಬಿಟ್ಟು ಎಲ್ಲಿಗೆ? ಪ್ಯೂನ್ ಬರಾಕ ಹತ್ಯಾನ. ಅವಗ ತುಂಡು ಕಟಗಿ ಕಟ್ಟಿ ಕೊಡ್ತೀರೇನು? ಮೊದಲ ಕೂಡಸ್ರಿ.”

ಹಣಮಂತ ಹೆಂಡತಿಯ ಮುಖ ನೋಡಿದ, ಉದುರಿದ ಬ್ಲಾಕು ನೋಡಿದ. ಕೂತು ಕೂಡಿಸತೊಡಗಿದ. ಒಂದು ಕಾಲು ನಿಲ್ಲಿಸಿದರೆ ಇನ್ನೊಂದು ಜಾರುತ್ತದೆ. ಅಂಟು ಹಚ್ಚಿದರೆ ಎಣ್ಣೆ ಕುಡಿದ ಕಟ್ಟಿಗೆ ಅದನ್ನು ಹಿಡಿಯಲೊಲ್ಲದು. ಮೊಳೆ ಹೊಡೆದರೆ ತುಂಡು ಸೀಳಿತು. ಚಾಳಿನವರೆಲ್ಲ ನೆಲದ ಮೇಲೆ ತೆವಳಿ ತುಂಡು ಹುಡುಕಿ ಕೊಟ್ಟರು. ಮುಂಜಾನೆ ಬಿಚ್ಚಲು ಬುದ್ಧಿ ಹೇಳಿದವರೇ ಈಗ ಕೂಡಿಸಲು ಬುದ್ಧಿ ಹೇಳಿದರು.

“ಯಾರಾದರೂ ಮೇಲೆ ಕೂತು, ಕಾಲಲ್ಲಿ ಒತ್ತಿ ಹಿಡಿದರೆ ನಿಲ್ತದೆ,” ಎಂದ ಅಣ್ಣು.

ಹಾಗೇ ಮಾಡಿದರು. ಎಲ್ಲರೂ ಸೇರಿ ಸ್ಟೂಲನ್ನು ಹಿಡಿದು ನಿಲ್ಲಿಸಿದರು. ಹಣಮಂತ ಮೇಲೆ ಕೂತು, ಎರಡೂ ತೊಡೆಯಿಂದ, ಮೀನಖಂಡದಿಂದ ಅದನ್ನು ಅಮುಕಿ ಹಿಡಿದ. ನಿಂತಿತು. ಉಸಿರು ಬಿಟ್ಟರೆ ಮಾತ್ರ ಎಲ್ಲೋ ಕರ್ ಎನ್ನುತ್ತಿತ್ತು.

ಆಗ ಬಾಗಿಲಲ್ಲಿ ಒದ್ದೆ ರೇನ್‌ಕೋಟಿನ ಆಳೊಬ್ಬ ನಿಂತ. “ನಾನು ಧನರಾಜ್, ಮೇಡಂ ಕಳ್ಸಿದ್ದು. ಇಲ್ಲಿ ಸ್ಟೂಲ್ ಹಣಮಂತ ಯಾರು?”

ಆ ಹೆಸರಿಗೆ ಯಾವತ್ತೂ ಉಳಿ ಎತ್ತುತ್ತಿದ್ದ ಮನುಷ್ಯ ಇವತ್ತು ಅಲ್ಲಾಡದೆ, ತಗ್ಗಿದ ದನಿಯಲ್ಲಿ, “ನಾನs” ಎಂದ.

“ಏಳಿ ಮತ್ತೆ, ಜಲ್ದಿ. ಸ್ಟೂಲ್ ಒಯ್ಬೇಕು. ಕೆಳಗೆ ಟ್ಯಾಕ್ಸಿ ಖಡಾ ಇದೆ.”

ಹಣಮಂತ ಏಳಲಿಲ್ಲ. ಅಣ್ಣುವನ್ನು ನೋಡಿದ, ಶಾಂತಪ್ಪನನ್ನು ನೋಡಿದ. ಇಬ್ಬರೂ ಮಳೆ ನೋಡುತ್ತಿದ್ದರು. ಕೊನೆಗೆ ಹೆಂಡತಿಯ ಕಡೆ ತಿರುಗಿದ.

ಇಂದ್ರಾಬಾಯಿ ಸೆರಗು ಸರಿಮಾಡಿಕೊಂಡು ಹೇಳಿದಳು: “ಎರಡನ್ನೂ ಕೂಡೇ ಒಯ್ಯಪಾ ತಮ್ಮಾ. ಬಿಚ್ಚಾಕ ಬರೂದಿಲ್ಲ.”