ತೊಟ್ಟಿಲ ಬಣ್ಣದ ಕುರ್ಚಿ

ನನ್ನ ಮೊಮ್ಮಗಳು ರೇಣುಕಾ ಪಾಸಾದಳು! ಧಾರವಾಡದ ಕಾಲೇಜಿನಲ್ಲಿ ಕುರ್ಚಿ, ಮೇಜು, ಕಪಾಟು ಮಾಡುವ ವಿದ್ಯೆ ಕಲಿಯುತ್ತಿದ್ದಾಳೆ. ಈ ಸುದ್ದಿಯನ್ನು ನಮ್ಮೂರು ತಂಬೂರದಲ್ಲಿ ಎದುರಿಗೆ ಬಂದವರಿಗೆಲ್ಲ ಹೇಳಿದ್ದೇನೆ, ಬಸ್ಸಿನ ಕಂಡಕ್ಟರನಿಗೆ ಎರಡು ಸಲ. ಪರೀಕ್ಷೆಯ ದಿನ ನಾನು ಎಷ್ಟು ಹೆದರಿದ್ದೆ ಎಂಬುದನ್ನು ಮಾತ್ರ ನಿಮಗಷ್ಟೇ ಹೇಳುತ್ತಿದ್ದೇನೆ.

ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಮಾಸ್ತರರನ್ನು ಕಂಡರೆ ಈಗಲೂ ಅಂಗೈ ಮುಚ್ಚಿಕೊಳ್ಳುತ್ತೇನೆ. ಅಂಥವನನ್ನು ರೇಣುಕಾ ಪರೀಕ್ಷೆಯ ದಿನ ಕುರ್ಚಿ ಇಳಿಸಲು ಕೈ ಬೇಕೆಂದು ಕಾಲೇಜಿಗೆ ಕರೆದೊಯ್ದಳು. ಅದು ಅವಳೇ ಮಾಡಿದ ತೂಗುವ ಕುರ್ಚಿ. ನಮ್ಮ ಕಲಘಟಗಿ ತೊಟ್ಟಿಲಿನ ಹಾಗೆ ಅರಗಿನ ಕೆಂಪು, ಹಸಿರು, ಹಳದಿ. ಒರಗುವ ಹಲಗೆಗೆ ಸಾಲು ಗಿಳಿ. ಮೊದಲು ಅಲ್ಲಿ ಬಾಲಕೃಷ್ಣನನ್ನೇ ಬರೆಯುವವಳಿದ್ದಳು. “ದೇವರಿಗೆ ಬೆನ್ನು ಹಚ್ಚಿ ಕುಂದರತಾರೇನ ಯವ್ವಾ?” ಎಂದು ನಾನು ಗಾಬರಿಯಾದ ಮೇಲೆ ಗಿಳಿಗಳು ಬಂದವು.

ಪರೀಕ್ಷೆಗೆ ಬಂದ ಸಾಹೇಬರು ಕನ್ನಡಕ ಇಳಿಸಿ, “ತೊಟ್ಟಿಲದ ಚಿತ್ತಾರ ಕುರ್ಚಿಗ್ಯಾಕವಾ? ಬರೇ ಚಂದ ಕಾಣಲಿ ಅಂತೇನು?” ಎಂದರು. ಉತ್ತರಕ್ಕೆ ಕಾಯುತ್ತ ಸಾಹೇಬರು ಕುರ್ಚಿಯನ್ನು ಒಂದು ಬೆರಳಿನಿಂದ ನೂಕಿದರು. ಖಾಲಿ ಕುರ್ಚಿ ತೂಗಾಡತೊಡಗಿತು.

ಖಾಲಿ ತೊಟ್ಟಿಲು ತೂಗಿದರೆ ಮನೆಯ ಕೂಸಿಗೆ ಕೇಡು ಎಂದು ನಮ್ಮವ್ವ ಬೈದು ಬೈದು ಕಲಿಸಿದ್ದಳು. ಬಣ್ಣ ಅದೇ, ಗಿಳಿ ಅವೇ. ಕೂಸೆಂದರೆ ನನ್ನ ರೇಣುಕಾ, ಅದೂ ಪರೀಕ್ಷೆಯ ದಿನ! “ಬ್ಯಾಡ್ರೀ ಸಾಹೇಬ್ರ, ಖಾಲಿ ತೂಗಬ್ಯಾಡ್ರೀ!” ಎಂದು ಓಡಿಹೋಗಿ ದಬಕ್ಕನೆ ಅದರಲ್ಲಿ ಕುಳಿತುಬಿಟ್ಟೆ.

ಮೊಮ್ಮಗಳನ್ನು ನಾನೇ ಫೇಲು ಮಾಡಿದೆ ಎಂದು ಕಣ್ಣು ಮುಚ್ಚಿದೆ. ಆಗ ರೇಣುಕಾಳ ದನಿ ಕೇಳಿತು: “ಇದಕ್ಕರೀ ಸರ್. ಈ ಬಣ್ಣ ಕಂಡ್ರ ಒಳಗ ನಮ್ಮವರೊಬ್ಬರು ಇರಬೇಕು ಅನಸ್ತೈತ್ರಿ. ಸಣ್ಣಾಕಿದ್ದಾಗ ಅಜ್ಜ ನನ್ನ ತೂಗ್ಯಾನ. ಈಗ ಅಂವಗ ತೂಗಾಕಂತ ಇದನ್ನ ಮಾಡೇನ್ರಿ.”

ಸಾಹೇಬರು ನನ್ನ ಸುತ್ತ ಒಂದು ಸುತ್ತು ಹಾಕಿದರು. “ಯಾರೂ ನೂಕಲಾರದನ ಎಷ್ಟು ಹಗೂರ ತೂಗಾಕತ್ತೈತಿ ನೋಡ್ರಿ,” ಎಂದು ಬಾಜೂ ಇದ್ದ ಮಾಸ್ತರರಿಗೆ ತೋರಿಸಿ, ಏನೋ ಬರೆದುಕೊಂಡರು.

ಇವತ್ತು ರಿಸಲ್ಟ್ ಬಂತು. ಸಂಜೆ ಸೊಸೆ ಸಿಹಿಗೆಂದು ಮಾದಲಿ ಮಾಡಿದಳು. ಮಗ, ಸೊಸೆ, ರೇಣುಕಾ, ನಾವಿಬ್ಬರು ಮುದುಕರು ಸಾಲಾಗಿ ಉಣ್ಣಲು ಕುಳಿತೆವು. “ಅಷ್ಟು ಮಂದಿಯೊಳಗ ಹೋಗಿ ಕುಂತ್ರ್ಯಲ್ಲ, ಅಂಜಿಕಿ ಬರಲಿಲ್ಲೇನ ನಿಮಗ?” ಎಂದಳು ನನ್ನ ಹೆಂಡತಿ.

“ಅಂಜಿಕಿ? ನನಗ?” ಎಂದು ಮಾದಲಿಗೆ ಇನ್ನೊಂದಿಷ್ಟು ತುಪ್ಪ ಹಾಕಿಸಿಕೊಂಡೆ. ಸಾಹೇಬರು ಮೆಚ್ಚಿದ ಆ ತೂಗು ನನ್ನ ಎರಡೂ ಮೊಣಕಾಲಿನ ನಡುಕ ಎಂಬುದನ್ನು ಹೇಳಲಿಲ್ಲ. ಗೊತ್ತಾದರೆ ಕೊಟ್ಟ ಮಾರ್ಕ್ಸು ತಿರುಗಿ ಕೇಳಿಯಾರೆಂಬ ಹೆದರಿಕೆಯಲ್ಲಿ, ತಲೆ ತಗ್ಗಿಸಿ, ಎಲ್ಲರಿಗಿಂತ ಒಂದು ತುತ್ತು ಹೆಚ್ಚೇ ಉಂಡೆ.