ಅತ್ತೆಗೊಂದು ಎದೆಕವಚ

ಬನಹಟ್ಟಿಯ ನಮ್ಮ ಸೋದರಮಾವನಷ್ಟು ಯುದ್ಧಕ್ಕೆ ಸಿದ್ಧವಾದ ಮನುಷ್ಯ ಇಡೀ ಜಮಖಂಡಿ ಸೀಮೆಯಲ್ಲಿ ಇನ್ನೊಬ್ಬರಿಲ್ಲ! ಶತ್ರು ಯಾರು ಅಂತೀರಾ? ಬಸ್ಸಿನಲ್ಲಿ ನೂಕಾಡುವವರ ಮೊಣಕೈ.

ಅತ್ತೆಗೆ ಎದೆಯ ಆಪರೇಷನ್ ಆಗಿತ್ತು. ಗಾಯ ಮಾಯ್ದಿದೆ, ಓಡಾಡಿ ಎಂದು ಡಾಕ್ಟರೇ ಹೇಳಿದ್ದರೂ, ಗದ್ದಲದಲ್ಲಿ ಯಾರಾದರೂ ಎದೆಗೆ ಗುದ್ದಿಬಿಟ್ಟರೆ ಎಂಬ ಹೆದರಿಕೆಗೆ ಅವರು ಹೊಸ್ತಿಲು ದಾಟುತ್ತಿರಲಿಲ್ಲ. ಅಷ್ಟರಲ್ಲಿ, ತಾವೇ ಎತ್ತಿ ಆಡಿಸಿದ ತಂಗಿಯ ಮಗಳ ಮದುವೆ ಮಹಾಲಿಂಗಪುರದಲ್ಲಿ ಗೊತ್ತಾಯಿತು. ಕಾರು ಹತ್ತಿದರೆ ಅತ್ತೆಗೆ ವಾಂತಿ. ಬಸ್ಸೆಂದರೆ ಭಯ. "ನಾ ಒಲ್ಲೆ" ಎಂದು ಕೂತುಬಿಟ್ಟರು. ಆಗ ಮಾವ ಮೊಬೈಲಿನಲ್ಲಿ, ಯಾವುದೋ ದೇಶದ ಗಡ್ಡದವನೊಬ್ಬ ಹಳೇ ಕಾಲದ ಸೈನಿಕರ ಎದೆಕವಚವನ್ನು ಕೈಯಿಂದಲೇ ಬಡಿದು ಮಾಡುವುದನ್ನು ಕಂಡರು. ಮುಗೀತಲ್ಲ ಕಥೆ!

ಜಾಲಿಮರದ ಕೊರಡು ಬಂತು. ಅದರಲ್ಲಿ ಬಟ್ಟಲಿನಂಥ ಗುಳಿ ಕೊರೆದದ್ದಾಯಿತು. ಕಬ್ಬಿಣದ ತಗಡನ್ನು ಕೆಂಪಗೆ ಕಾಯಿಸಿ, ತಾನಾಗಿ ಆರಿ ಮೆತ್ತಗಾದ ಮೇಲೆ ಗುಳಿಯ ಮೇಲಿಟ್ಟು, ಗುಂಡು ತಲೆಯ ಸುತ್ತಿಗೆಯಿಂದ ಅಂಚಿನಿಂದ ನಡುವಿನವರೆಗೆ ಸುತ್ತುತ್ತ ಬಡಿಯುವುದು. ಓಣಿ ತುಂಬ ಪವರ್‌ಲೂಮಿನ ಸದ್ದು. ಮಾವನ ಬಡಿತ ಯಾರ ಕಿವಿಗೂ ಬೀಳಲಿಲ್ಲ. ಒಂದು ಮಧ್ಯಾಹ್ನ ಕರೆಂಟ್ ಹೋಯಿತು ನೋಡಿ, ಮಗ್ಗಗಳೆಲ್ಲ ನಿಂತು, ಊರಿಗೆಲ್ಲ ಒಂದೇ ಸದ್ದು: ಠಣ್, ಠಣ್! ಪಕ್ಕದ ಮನೆಯವರು ಓಡಿಬಂದರು.

"ಏನ್ರೀ, ಭಾಂಡಿ-ಪಾತ್ರಿ ಅಂಗಡಿ ತಗದ್ರೇನು?"

ಅತ್ತೆ ಒಳಗಿನಿಂದಲೇ ಕೂಗಿದರು: "ಮೊದಲ ಮಾಡಿದ್ದು ಕಡಾಯಿ ಆಗೇತ್ರಿ! ಅದರಾಗ ಭಜಿ ಕರಿಯಾಕತ್ತೇನಿ, ತಿಂದ ಹೋಗ್ರಿ."

ಎರಡನೆಯದು ಎದೆಯ ಆಕಾರಕ್ಕೇನೋ ಬಂತು. ಆದರೆ ಅತ್ತೆಯಂಥವರು ಇಬ್ಬರು ಹಿಡಿಸುವಷ್ಟು ಅಗಲ!

"ಮಾಮಾ, ಅಳತಿ ತಪ್ಪೇತಿ" ಎಂದೆ.

"ಎಲ್ಲಿ ತಪ್ಪೇತಲೇ? ನಾಕ ಬೆರಳ ಹೆಚ್ಚಿಗಿ ಬಿಟ್ಟೇನಿ. ತೊಳದ ಮ್ಯಾಲ ಕುಗ್ಗತೈತಲ್ಲ!"

ಹತ್ತಿ ಸೀರೆ ನೇಯುತ್ತಲೇ ತಲೆ ನರೆತ ಮನುಷ್ಯ! ಕಬ್ಬಿಣಕ್ಕೂ ನೀರು ಬಿದ್ದರೆ ಕುಗ್ಗುವ ಮರ್ಯಾದೆ ಇರಬೇಡವೇ? ಆ ಕವಚ ಈಗ ಹಿತ್ತಲಲ್ಲಿ ನೀರಿನ ತೊಟ್ಟಿಗೆ ಮುಚ್ಚಳವಾಗಿದೆ.

ಕಡೆಯದು ತೆಳು ಅಲ್ಯೂಮಿನಿಯಂ ತಗಡಿನದು. ಅಂಚು ಮಡಚಿ, ಒಳಗೆ ಹತ್ತಿ ತುಂಬಿದ ಬಟ್ಟೆ ಹೊಲಿದು, ಬೆನ್ನಿಗೆ ಚರ್ಮದ ಪಟ್ಟಿ ಹಾಕಿದ್ದರು. ಸರಿಯಾಗಿ ಕೂತಿತು! "ಮದಿವಿಗಿ ಹೊಂಟೇನೋ, ಲಡಾಯಿಗೋ?" ಎಂದು ನಗುತ್ತ ಅತ್ತೆ ಅದನ್ನು ಸೆರಗಿನೊಳಗೆ ಕಟ್ಟಿಕೊಂಡು ಮಾವನ ಮತ್ತು ನನ್ನ ಜೊತೆ ಹೊರಟೇಬಿಟ್ಟರು.

ಬಸ್ಸು ಬಂತು, ಜನ ಮುಗಿಬಿದ್ದರು. ಮೆಟ್ಟಿಲ ಮೇಲೆ ದಪ್ಪ ಗೃಹಸ್ಥರೊಬ್ಬರ ಮೊಣಕೈ ನೇರ ಅತ್ತೆಯ ಎದೆಗೆ! "ಅಯ್ಯಯ್ಯಪ್ಪಾ!" ಎಂದು ಚೀರಿದವರು ಆ ಗೃಹಸ್ಥರೇ. ಮೊಣಕೈ ತಿಕ್ಕಿಕೊಳ್ಳುತ್ತ ಅವರು ಅತ್ತೆಯನ್ನು ನೋಡಿದ ನೋಟವಿದೆಯಲ್ಲ, ನೆನೆದರೆ ಈಗಲೂ ನಗು ಬರುತ್ತದೆ.

ಶಹಬ್ಬಾಸ್ ಅನ್ನೋಣವೆಂದು ಮಾವನತ್ತ ತಿರುಗಿದೆ. ಅವರು ಆಗಲೇ ಜನರನ್ನು ಸರಿಸಿ ಅತ್ತೆಯ ಹತ್ತಿರ ಬಂದಿದ್ದರು.

"ನೋವಾತೇನು? ಖರೆ ಹೇಳು."

"ಏನೂ ಆಗಿಲ್ರಿ. ಬಡದದ್ದ ಗೊತ್ತಾಗ್ಲಿಲ್ಲ" ಎಂದರು ಅತ್ತೆ.

ಅಷ್ಟು ಕೇಳಿದ್ದೇ ತಡ, ಆಪರೇಷನ್ ದಿನ ಆಸ್ಪತ್ರೆಯಲ್ಲಿ ನಮಗೆಲ್ಲ ಧೈರ್ಯ ಹೇಳಿದ ಮನುಷ್ಯ ತುಂಬಿದ ಬಸ್ಸಿನಲ್ಲಿ ಬಿಕ್ಕಿ ಬಿಕ್ಕಿ ಅತ್ತುಬಿಟ್ಟರು. ಅತ್ತೆ ಸುತ್ತಲಿನ ಜನರತ್ತ ನೋಡಲೇ ಇಲ್ಲ. ಸೆರಗಿನ ತುದಿಯಿಂದ ಅವರ ಕಣ್ಣೊರೆಸಿ, "ಸಾಕ ಬಿಡ್ರಿ. ಇಲ್ಲೇ ಅದೀನಲ್ಲ ನಾ" ಎಂದರು.